ಎಂಟರ ನಂತರ ಏನೂ ಕೊಡಬೇಡಿ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ತನ್ನಿ, ಎಂದರು ಡಾಕ್ಟರು,
ಹಿಂದಿನ ರಾತ್ರಿ ಎಂಟರ ನಂತರ ಏನೂ ಕೊಡಬೇಡಿ.
ವಾರ ಗೊತ್ತುಮಾಡಿದ್ದು ಅತ್ತೆ:
ಸೋಮವಾರ ಹೇಗೂ ನಮ್ಮಲ್ಲಿ ಮೀನಿಲ್ಲ,
ವಾಸನೆಯಿಲ್ಲದ ಮನೆಯಲ್ಲಿ ಉಪವಾಸ ಹಗುರ.
ನಮ್ಮ ಶಿವ ಬೆಕ್ಕಿಗೂ ಆದಾನು.

ಇದೇ ಅತ್ತೆ ಹೋದ ತಿಂಗಳು
ಹೆಣ್ಣುಜೀವದ ಹೊಟ್ಟೆ ಕೊಯ್ಸಿ ನಿನಗೇನು ಬರ್ತದೆ
ಅಂತ ಕಾಯಿ ತುರಿಯುತ್ತ
ತುರಿಮಣೆಗೆ ಹೇಳಿದವಳು.
ಆಮೇಲೆ ತಾನೇ ಬೆರಳು ಮಡಿಚಿದಳು:
ಮೊದಲ ನಾಲ್ಕರಲ್ಲಿ ಎರಡನ್ನು ಹದ್ದು ಒಯ್ದಿತು,
ಒಂದು ಹೈವೇ ದಾಟಲಿಲ್ಲ,
ಒಂದು ಎಲ್ಲಿ ಹೋಯಿತೋ.
ಎರಡನೇ ಸಲ ಹೆತ್ತ ಮೂರು,
ಅವನ್ನು ನಾವು ಕಂಡದ್ದೇ ಇರುವೆ ಮುತ್ತಿದ ಮೇಲೆ.
ಬೆರಳು ಇನ್ನೊಂದು ಕೈಗೆ ದಾಟಿತು,
ಸುಮ್ಮನಾದಳು.
ತುಸು ಹೊತ್ತು ಬಿಟ್ಟು:
ಎಷ್ಟು ತಗೋತಾನೆ ನಿನ್ನ ಡಾಕ್ಟರು?

ಇಂಜೆಕ್ಷನ್ನಿಗೆ ತೂಕ ಬೇಕಂತೆ.
ಬೈತಖೋಲ್ ಧಕ್ಕೆಯಿಂದ ಬರುವ ಚಂದ್ರಭಾಗಿ
ತನ್ನ ಕೊಕ್ಕೆ ತಕ್ಕಡಿಗೆ ಚೀಲ ಸಿಕ್ಕಿಸಿದಳು.
ಎರಡು ಕಿಲೋ ಏಳುನೂರು.
ಇಶ್ವಾಣ ಆಗಿದ್ದರೆ ಎರಡೂವರೆ ಸಾವಿರ ಎಣಿಸ್ತಿದ್ದೆ, ಅಂತ ನಕ್ಕಳು.
ಬೆಕ್ಕು ಆ ಚೀಲದಿಂದ ಹೊರಬರಲು ಒಪ್ಪಲಿಲ್ಲ.

ಸೋಮವಾರ ಏಳೂವರೆಗೆ ಹಾಲು ಅನ್ನ.
ಮೂಸಿ, ನನ್ನ ಮುಖ ನೋಡಿ, ಅರ್ಧ ಬಿಟ್ಟಿತು.
ಎಂಟಕ್ಕೆ ಬಟ್ಟಲು ತೊಳೆದು ಬೋರಲು ಹಾಕಿದೆ.
ಎಂಟೂ ಹತ್ತಕ್ಕೆ ಅದಕ್ಕೆ ಹಸಿವಾಯಿತು.

ಪಕ್ಕದ ಇನಾಸಿನ್ ಬಾಯಿಗೆ ಸೋಮವಾರವೆಂಬುದಿಲ್ಲ.
ಕಂಪೌಂಡಿನ ಮೇಲಿಂದ ಕೇಳಿದೆ, ಇವತ್ತು ಬಂಗುಡೆಯಾ?
ಬಂಗುಡೆಯೇ, ಎಂದಳು.
ವಿಷಯ ಹೇಳಿದೆ.
ಕಾವಲಿ ಒಲೆಯಿಂದಿಳಿದ ಸದ್ದು ಇಲ್ಲಿಗೂ ಕೇಳಿಸಿತು.
ಮಸಾಲೆ ಹಚ್ಚಿದ ಮೀನು ಫ್ರಿಜ್ಜಿಗೆ ಹೋಗಿ
ಆ ಮನೆಯ ಮೂವರು ಗಂಡಸರು ದಾಲಿಯಲ್ಲಿ ಉಂಡರು,
ಒಂದು ಬೆಕ್ಕಿನ ಗರ್ಭಕೋಶದ ಗೌರವಕ್ಕೆ.

ಹನ್ನೊಂದಕ್ಕೆ ಅದು ನನ್ನ ಎದೆಯ ಮೇಲೆ ಕೂತು
ಕೇಳಿದ್ದನ್ನೇ ಕೇಳಿತು.
ಒಂದಕ್ಕೆ ಎಚ್ಚರಾದರೆ ಭಾರವಿಲ್ಲ.
ಅಡುಗೆಮನೆಯ ನೆಲದಲ್ಲಿ ಅತ್ತೆ, ಕಾಲು ಚಾಚಿ,
ಅದರ ಬೆನ್ನು ಸವರುತ್ತ ಮಾತಾಡುತ್ತಿದ್ದಳು
ಮೆತ್ತಗೆ, ಕೊಂಕಣಿಯಲ್ಲಿ,
ನನ್ನೊಡನೆ ಎಂದೂ ಆಡದ ದನಿಯಲ್ಲಿ.
ನಾನು ನೀರು ಕುಡಿಯದೆ ಮರಳಿ ಬಂದೆ.

ಹಣ್ಣಿನ ಬುಟ್ಟಿ, ಹಳೆ ಟವೆಲು, ಮೇಲೆ ಬಲೆಯ ತುಂಡು,
ನಾಲ್ಕೂ ಕಡೆ ನೈಲಾನ್ ದಾರ.
ಕೋಡಿಬಾಗದಿಂದ ರಿಕ್ಷಾ.
ಅರ್ಧ ದಾರಿಗೆ ಟವೆಲು ಒದ್ದೆ,
ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿದ,
ಅತ್ತೆ ಕಾಳಿ ನದಿ ನೋಡಿದಳು.

ಕಂಪೌಂಡರ್ ಹುಡುಗ ಫಾರ್ಮು ತೆಗೆದ.
ಮಾಲೀಕರು? ಹೇಳಿದೆ.
ವಯಸ್ಸು? ಅಂದಾಜು ಮೂರು.
ಹೆರಿಗೆ? ಅದೂ ಮೂರು.
ಹೆಸರು?
ಹೆಸರು ಎಲ್ಲಿಂದ? ಮನೆಯಲ್ಲಿ ಅದು ಮಾಜರ,
ಹಾಲು ಚೆಲ್ಲಿದ ದಿನ ಕಳ್ಳಿ.
ಬೆಕ್ಕು ಅಂತಲೇ ಬರೀರಿ, ಅಂದೆ.
ಆಗೋದಿಲ್ಲ ಬಾಯಿ, ಇವತ್ತು ನಾಲ್ಕು ಬೆಕ್ಕಿದಾವೆ.

ಆಬೋಲಿ, ಎಂದಳು ಅತ್ತೆ.

ತಿರುಗಿ ನೋಡಿದೆ.
ರೇಶನ್ ಕಾರ್ಡಿನಲ್ಲಿ ಆಕೆ ಸತ್ಯಭಾಮಾ,
ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ
ಮಾವ ಉಂಗುರದಿಂದ ಗೀರಿದ್ದು.
ಅದರ ಹಿಂದಿನದನ್ನು
ಹದಿನೆಂಟು ವರ್ಷದಲ್ಲಿ ನಾನು ಕೇಳಿರಲಿಲ್ಲ.
ನನ್ನದನ್ನು ಆಕೆಯೂ.
ಹುಡುಗ ಅಬೋಲಿ ಎಂದು ಬರೆದ.
ಹಾಗಲ್ಲ, ಎಳೆದು ಹೇಳು, ಎಂದು ತಿದ್ದಿಸಿದಳು.

ಬೆಂಚಿನ ತುದಿಯಲ್ಲಿ ಕೂತೆವು, ಬುಟ್ಟಿ ಆಕೆಯ ಮಡಿಲಲ್ಲಿ.
ಎದುರಿಗೊಂದು ನಾಯಿ, ಕೊರಳಿಗೆ ಪ್ಲಾಸ್ಟಿಕ್ ಕೊಳವೆ ಹಾಕಿಕೊಂಡು
ಗೋಡೆಗೆ ಢೀ ಹೊಡೆಯುತ್ತಿತ್ತು.
ಫ್ಯಾನಿಗೆ ಫಾರ್ಮಿನ ಮೂಲೆ ಹಾರುತ್ತಿತ್ತು.
ಒಳಗಿಂದ ಕೂಗಿದರು: ಆಬೋಲಿ!

ಬಲೆಯ ಕೆಳಗೆ ಏನೂ ಅಲುಗಲಿಲ್ಲ.
ಅತ್ತೆ ಮಾತ್ರ, ಹೂಂ, ಬಂದೆ, ಅಂತ
ಬುಟ್ಟಿ ಎದೆಗವಚಿ
ಚಪ್ಪಲಿ ಮೆಟ್ಟದೆ ಎದ್ದು ನಡೆದಳು.